ಸೂಜಿಗಲ್ಲು ಲಿವರ್ ತನಕ ಮುಟ್ಟುತ್ತದೆಯೇ?

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಡಿಯೊ ಬಗ್ಗೆ. ನನ್ನ ಫೋನಿಗೂ ಅದು ಮೂರು ಗ್ರೂಪಿನಿಂದ ಬಂದಿದೆ. ಒಂದು ನಮ್ಮ ಬೀದಿಯ ಭಜನಾ ಮಂಡಳಿಯ ಗ್ರೂಪು! ಹಾಗಾಗಿ ಸಕ್ಕರೆ ಕಾಯಿಲೆಯ ಮಾತ್ರೆ ಬಗ್ಗೆ ಕೇಳಿದವರು ಮುಂದಿನ ಸಂಚಿಕೆ ತನಕ ಕಾಯಬೇಕು.

ಪ್ರಶ್ನೆ: ಮೇಡಂ, ನಮ್ಮ ಅಣ್ಣನಿಗೆ 56 ವರ್ಷ. ಲಿವರಿನಲ್ಲಿ 6 ಸೆಂಟಿಮೀಟರಿನ ಗಡ್ಡೆ ಇದೆ, ಕ್ಯಾನ್ಸರ್ ಅಂತ ಖಚಿತವಾಗಿದೆ. ಆಪರೇಷನ್ ಬೇಡ, ‘ಟೇಸ್’ (ನಳಿಕೆಯಿಂದ ಗಡ್ಡೆಯ ರಕ್ತನಾಳಕ್ಕೇ ಔಷಧಿ ಬಿಟ್ಟು ನಾಳ ಮುಚ್ಚುವ ಚಿಕಿತ್ಸೆ) ಮಾಡೋಣ ಅಂತ ಬೆಂಗಳೂರಿನ ಡಾಕ್ಟರು ಹೇಳಿದ್ದಾರೆ. ಅಷ್ಟರಲ್ಲಿ ನಮ್ಮ ಭಾವ ಒಂದು ವಿಡಿಯೊ ಕಳಿಸಿದರು. ಔಷಧಿಗೆ ಕಬ್ಬಿಣದ ಕಣ ಅಂಟಿಸುತ್ತಾರಂತೆ, ಹೊಟ್ಟೆ ಮೇಲೆ ಅಯಸ್ಕಾಂತ ಇಟ್ಟರೆ ಔಷಧಿ ಸೀದಾ ಗಡ್ಡೆಗೇ ಹೋಗುತ್ತದಂತೆ, ಕೂದಲೂ ಉದುರುವುದಿಲ್ಲವಂತೆ. ಇದು ನಮ್ಮಲ್ಲಿ ಎಲ್ಲಿ ಸಿಗುತ್ತದೆ? ಇದಕ್ಕೋಸ್ಕರ ಟೇಸ್ ಮುಂದೂಡಬಹುದಾ? ಇನ್ನೊಂದು ವಿಷಯ, ಅಣ್ಣನಿಗೆ ಹೆಪಟೈಟಿಸ್ ಬಿ (ಲಿವರಿಗೆ ತಗಲುವ ವೈರಸ್) ಇದೆಯಂತೆ. ನಾವೂ ಪರೀಕ್ಷೆ ಮಾಡಿಸಬೇಕಾ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಮುಂದೂಡಬೇಡಿ. ಮೊದಲು ಇದನ್ನು ಅಣ್ಣನಿಗೆ ಓದಿ ಹೇಳಿ, ಉಳಿದದ್ದನ್ನು ಆಮೇಲೆ ನಿಧಾನವಾಗಿ ಓದಿ. ಅಯಸ್ಕಾಂತದಿಂದ ಔಷಧಿ ಎಳೆಯುವ ವಿಧಾನ ಬೆಂಗಳೂರಿನಲ್ಲಷ್ಟೇ ಅಲ್ಲ, ಯಾವ ದೇಶದಲ್ಲೂ ಲಿವರ್ ಕ್ಯಾನ್ಸರಿಗೆ ಮಾಮೂಲಿ ಚಿಕಿತ್ಸೆ ಆಗಿಲ್ಲ.

ಹಾಗಂತ ವಿಡಿಯೊದಲ್ಲಿ ಇರುವುದೆಲ್ಲ ಬುರುಡೆಯೂ ಅಲ್ಲ. ಅದಕ್ಕೇ ಇದು ಜಾಸ್ತಿ ತೊಂದರೆ ಕೊಡುತ್ತದೆ. ಶುದ್ಧ ಸುಳ್ಳಾಗಿದ್ದರೆ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಿದ್ದೆ.

ಕಬ್ಬಿಣದ ಕಣಗಳನ್ನು ರಕ್ತದಲ್ಲಿ ಬಿಟ್ಟು ಅಯಸ್ಕಾಂತದಿಂದ ಬೇಕಾದ ಕಡೆ ಸೆಳೆಯಬಹುದು ಎಂಬ ಯೋಚನೆ 1960ರಷ್ಟು ಹಳೆಯದು. 1970ರ ದಶಕದ ಕೊನೆಗೆ ಶಿಕಾಗೊದಲ್ಲಿ ವಿಡ್ಡರ್ ಮತ್ತು ಸೆನ್ಯೈ ಎಂಬುವರು ಆಲ್ಬುಮಿನ್ ಎಂಬ ಪ್ರೋಟೀನಿನ ಪುಟಾಣಿ ಗೋಲಿಗಳಲ್ಲಿ ಕ್ಯಾನ್ಸರ್ ಔಷಧಿ ಮತ್ತು ಕಬ್ಬಿಣದ ಆಕ್ಸೈಡ್ ಎರಡನ್ನೂ ತುಂಬಿ ಇಲಿಗಳ ಮೇಲೆ ಪ್ರಯೋಗ ಮಾಡಿದರು. ಗಡ್ಡೆ ಇದ್ದದ್ದು ಇಲಿಯ ಬಾಲದಲ್ಲಿ. ಅಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು. ಬಾಲ ಎಂಬ ಪದದ ಕೆಳಗೆ ಒಂದು ಗೆರೆ ಎಳೆಯಿರಿ. ಮನುಷ್ಯರ ಮೇಲಿನ ಮೊದಲ ಪ್ರಯೋಗದ ವರದಿ ಬಂದದ್ದು 1996ರಲ್ಲಿ, ಬರ್ಲಿನ್ ನಗರದಿಂದ. 14 ಮಂದಿ ರೋಗಿಗಳು, ಎಪಿರುಬಿಸಿನ್ ಎಂಬ ಔಷಧಿ. ಸುಮಾರು ಅರ್ಧ ಜನರಲ್ಲಿ ಕಣಗಳು ಗಡ್ಡೆಯ ಹತ್ತಿರ ಸೇರಿದವು. ಉಳಿದವರಲ್ಲಿ ಸೇರಲಿಲ್ಲ.

ನಾನು ದಾವಣಗೆರೆಯಲ್ಲಿ ಮೂವತ್ತೊಂದು ವರ್ಷ ಫಾರ್ಮಕಾಲಜಿ ಪಾಠ ಮಾಡಿದವಳು. ಪ್ರತಿ ವರ್ಷ ಹೊಸ ಬ್ಯಾಚಿಗೆ ಒಂದು ಆಟ ತೋರಿಸುತ್ತಿದ್ದೆ. ಪಿ.ಬಿ. ರಸ್ತೆಯ ಲೇತ್ ಅಂಗಡಿಯಿಂದ ಒಂದು ಹಿಡಿ ಕಬ್ಬಿಣದ ಸಣ್ಣ ಪುಡಿ ತರುವುದು. ಬಾಟಲಿ ನೀರಿಗೆ ಹಾಕಿ ಅಲ್ಲಾಡಿಸಿ, ಸಲೈನ್ ಪೈಪಿನಲ್ಲಿ ಬಿಡುವುದು. ಮಗನ ಹಾಳಾದ ಟೇಪ್‌ರೆಕಾರ್ಡರಿನ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ಪೈಪಿಗೆ ಹಿಡಿಯುವುದು. ತಾಗಿಸಿ ಹಿಡಿದರೆ ಪುಡಿಯೆಲ್ಲ ಅಲ್ಲೇ ಗಡ್ಡೆ ಕಟ್ಟುತ್ತದೆ, ಹುಡುಗರು ಚಪ್ಪಾಳೆ ಹೊಡೆಯುತ್ತಾರೆ. ಒಂದು ಬೆರಳು ದೂರ ಸರಿಸಿದರೆ ಸ್ವಲ್ಪ ನಿಲ್ಲುತ್ತದೆ, ಸ್ವಲ್ಪ ಹೋಗುತ್ತದೆ. ನಾಲ್ಕು ಬೆರಳು ಸರಿಸಿದರೆ? ಅಯಸ್ಕಾಂತ ಇದೆ ಅಂತ ಪುಡಿಗೆ ಗೊತ್ತೇ ಆಗುವುದಿಲ್ಲ. ಆಮೇಲೆ ಪೈಪಿನ ಗಾಲಿ ಪೂರ್ತಿ ತೆರೆದು ನೀರಿನ ವೇಗ ಹೆಚ್ಚಿಸಿದರೆ, ತಾಗಿಸಿ ಹಿಡಿದಾಗ ನಿಂತಿದ್ದ ಪುಡಿಯೂ ಕೊಚ್ಚಿಕೊಂಡು ಹೋಗುತ್ತದೆ. ನನ್ನ ಪಾಠದಲ್ಲಿ ಹುಡುಗರಿಗೆ ಬೇರೇನು ನೆನಪಿದೆಯೋ ಇಲ್ಲವೋ, ಈ ಪೈಪು ನೆನಪಿದೆ.

ಲಿವರಿನ ಕಷ್ಟ ಈ ಪೈಪಿನಲ್ಲೇ ಇದೆ. ಇಲಿಯ ಬಾಲ ಅಯಸ್ಕಾಂತಕ್ಕೆ ತಾಗಿಕೊಂಡೇ ಇರುತ್ತದೆ. ಮನುಷ್ಯನ ಲಿವರ್ ಬಲಗಡೆ ಪಕ್ಕೆಲುಬಿನ ಒಳಗೆ ಕೂತಿದೆ, ಗಡ್ಡೆ ಅದರ ಮಧ್ಯದಲ್ಲೋ ಹಿಂದುಗಡೆಯೋ ಇರಬಹುದು. ಮೇಲೆ ಚರ್ಮ, ಕೊಬ್ಬು, ಮಾಂಸ. ದೂರ ಹೆಚ್ಚಾದ ಹಾಗೆ ಎಳೆತ ಸ್ವಲ್ಪ ಸ್ವಲ್ಪವಾಗಿ ಕಡಿಮೆ ಆಗುವುದಿಲ್ಲ, ಧಡಕ್ಕನೆ ಬಿದ್ದುಹೋಗುತ್ತದೆ. ಇನ್ನೊಂದು ಮಾತು ವಿಡಿಯೊದವರು ಹೇಳುವುದೇ ಇಲ್ಲ. ಅಯಸ್ಕಾಂತ ಎಳೆಯುವುದು ತನ್ನ ಕಡೆಗೆ, ಗಡ್ಡೆಯ ಕಡೆಗೆ ಅಲ್ಲ. ಗಡ್ಡೆ 8 ಸೆಂಟಿಮೀಟರ್ ಆಳದಲ್ಲಿದ್ದರೆ, ಗಡ್ಡೆಗೂ ಚರ್ಮಕ್ಕೂ ನಡುವೆ ಇರುವ ಒಳ್ಳೆ ಲಿವರಿನಲ್ಲಿ ಎಳೆತ ಇನ್ನೂ ಜೋರು.

ಇಷ್ಟೆಲ್ಲ ಗೊತ್ತಿದ್ದೂ ಒಂದು ಕಂಪನಿ ಧೈರ್ಯ ಮಾಡಿತು. ಅಮೆರಿಕದ ಸ್ಯಾನ್ ಡಿಯೆಗೊದ ಫೆರ್‌ಎಕ್ಸ್. ಕಬ್ಬಿಣ ಮತ್ತು ಇದ್ದಿಲನ್ನು ಒಟ್ಟಿಗೆ ಅರೆದು ಕಣ ಮಾಡಿದರು. ಗಾತ್ರ ಅರ್ಧ ಮೈಕ್ರಾನಿನಿಂದ 5 ಮೈಕ್ರಾನ್, ಅಂದರೆ ನಮ್ಮ ಕೆಂಪು ರಕ್ತಕಣಕ್ಕಿಂತ ಸಣ್ಣದು. ಕಬ್ಬಿಣ ಇರುವುದು ಎಳೆಯಲಿಕ್ಕೆ, ಇದ್ದಿಲು ಇರುವುದು ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧಿಯನ್ನು ಹೀರಿ ಹಿಡಿದುಕೊಳ್ಳಲಿಕ್ಕೆ. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ನಾಲ್ವರು ಲಿವರ್ ಕ್ಯಾನ್ಸರ್ ರೋಗಿಗಳಿಗೆ ಇದನ್ನು ಕೊಟ್ಟ ವರದಿ 2004ರಲ್ಲಿ ಬಂತು. ಒಂದೇ ಕೋಣೆಯ ಏರ್ಪಾಟಿನಲ್ಲಿ ಎಕ್ಸ್‌ರೇ ನೋಡಿಕೊಂಡು ಔಷಧಿ ಬಿಡುವುದು, ಎಂಆರ್‌ಐನಲ್ಲಿ ಕಣ ಎಲ್ಲಿ ಹೋಗಿ ಕೂತಿದೆ ಅಂತ ನೋಡುವುದು. ಕಬ್ಬಿಣ ಇದ್ದ ಕಡೆ ಎಂಆರ್‌ಐ ಕಪ್ಪಾಗಿ ಕಾಣುತ್ತದೆ, ಅದೊಂದು ಅನುಕೂಲ. ಗಡ್ಡೆಯ 64ರಿಂದ 91 ಶೇಕಡಾ ಭಾಗಕ್ಕೆ ಔಷಧಿ ತಲುಪಿತ್ತು. ಒಳ್ಳೆ ಲಿವರಿನ 7ರಿಂದ 30 ಶೇಕಡಾ ಭಾಗಕ್ಕೂ ತಲುಪಿತ್ತು.

ನಿಮ್ಮ ಭಾವ ಕಳಿಸಿದ ವಿಡಿಯೊದಲ್ಲಿ ಈ ಮೊದಲ ಅಂಕಿ ಮಾತ್ರ ಇದೆ, ಗಮನಿಸಿದಿರಾ? ಇದರ ಮುಂದಿನ ದೊಡ್ಡ ಪ್ರಯೋಗ ಅದೇ 2004ರಲ್ಲಿ ನಿಂತುಹೋಯಿತು. ಅಂದುಕೊಂಡ ಫಲ ಲೆಕ್ಕದಲ್ಲಿ ಸಾಬೀತಾಗುವ ಲಕ್ಷಣ ಕಾಣಲಿಲ್ಲ. ಕಂಪನಿಯೂ ಹೆಚ್ಚು ದಿನ ಉಳಿಯಲಿಲ್ಲ.

ನನ್ನನ್ನು ಕೇಳಿದರೆ ಅದು ಸೋತದ್ದು ಕಬ್ಬಿಣದಿಂದಷ್ಟೇ ಅಲ್ಲ. ಆ ಕಣಗಳನ್ನು ಕೈ ನರಕ್ಕೆ ಚುಚ್ಚಿ ಅಯಸ್ಕಾಂತದಿಂದ ಎಳೆಯುತ್ತಿರಲಿಲ್ಲ. ತೊಡೆಸಂದಿನ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ, ಲಿವರಿಗೆ ಹೋಗುವ ಧಮನಿಯ ಬಾಯಿಗೇ ಒಯ್ದು ಅಲ್ಲಿ ಬಿಡುತ್ತಿದ್ದರು. ಅಯಸ್ಕಾಂತ ಮಾಡಬೇಕಾಗಿದ್ದದ್ದು ಕೊನೆಯ ಕೆಲವು ಸೆಂಟಿಮೀಟರಿನ ಕೆಲಸ. ಅಷ್ಟು ಹತ್ತಿರ ನಳಿಕೆ ಹೋದ ಮೇಲೆ ಅಯಸ್ಕಾಂತ ಯಾಕೆ ಬೇಕು? ನಿಮ್ಮ ಅಣ್ಣನಿಗೆ ಹೇಳಿರುವ ಟೇಸ್ ಇದೇ ದಾರಿಯಲ್ಲಿ ಹೋಗುತ್ತದೆ, ಅಯಸ್ಕಾಂತ ಇಲ್ಲದೆ.

ನಮ್ಮ ಕಡೆ ಭದ್ರಾ ನಾಲೆ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ಕೈ ನರಕ್ಕೆ ಕೀಮೊ ಕೊಡುವುದು ಅಂದರೆ ನಾಲೆಯ ತಲೆಯಲ್ಲೇ ಗೊಬ್ಬರ ಕದಡಿದ ಹಾಗೆ. ಎಲ್ಲರ ಗದ್ದೆಗೂ ಹೋಗುತ್ತದೆ, ನಿಮ್ಮ ಗದ್ದೆಗೆ ಬರುವುದು ಚೂರು. ಟೇಸ್ ಅಂದರೆ ನಿಮ್ಮ ಗದ್ದೆಯ ತೂಬಿನಲ್ಲೇ ಗೊಬ್ಬರ ಹಾಕಿ, ಆಮೇಲೆ ತೂಬಿಗೆ ಮಣ್ಣು ಮೆತ್ತುವುದು. ಡಾಕ್ಸೊರುಬಿಸಿನ್‌ನಂಥ ಔಷಧಿಯನ್ನು ಗಸಗಸೆ ಎಣ್ಣೆಯಿಂದ ತಯಾರಾದ ಲಿಪಿಯೊಡಾಲ್ ಜೊತೆ ಕಲಸಿ ಬಿಡುತ್ತಾರೆ, ಹಿಂದೆಯೇ ಜಿಲೆಟಿನ್ ಚೂರುಗಳಿಂದ ಆ ನಾಳವನ್ನು ಮುಚ್ಚುತ್ತಾರೆ. ಔಷಧಿ ಅಲ್ಲೇ ನಿಲ್ಲುತ್ತದೆ, ಗಡ್ಡೆಗೆ ರಕ್ತವೂ ತಪ್ಪುತ್ತದೆ. ಇದು ನಡೆಯುವುದು ಲಿವರಿನ ಒಂದು ವಿಶೇಷದಿಂದ. ಲಿವರಿಗೆ ಎರಡು ಕಡೆಯಿಂದ ರಕ್ತ ಬರುತ್ತದೆ. ಮುಕ್ಕಾಲು ಪಾಲು ಕರುಳಿನ ಕಡೆಯ ಪೋರ್ಟಲ್ ರಕ್ತನಾಳದಿಂದ, ಕಾಲು ಪಾಲು ಧಮನಿಯಿಂದ. ಒಳ್ಳೆ ಲಿವರ್ ಹೆಚ್ಚಾಗಿ ಪೋರ್ಟಲ್ ರಕ್ತದಲ್ಲಿ ಬದುಕುತ್ತದೆ, ಗಡ್ಡೆ ಧಮನಿಯ ರಕ್ತವನ್ನೇ ಕುಡಿಯುತ್ತದೆ. ಹಾಗಾಗಿ ಗಡ್ಡೆಗೆ ಹೋಗುವ ಧಮನಿಯ ಕವಲನ್ನು ಮುಚ್ಚಿದರೆ ಹಸಿವಿಗೆ ಬೀಳುವುದು ಗಡ್ಡೆ. ಇದರಿಂದ ಆಯಸ್ಸು ಹೆಚ್ಚುತ್ತದೆ ಅಂತ 2002ರಲ್ಲಿ ಬಾರ್ಸಿಲೋನಾದ ಒಂದು, ಹಾಂಗ್‌ಕಾಂಗಿನ ಒಂದು ಪ್ರಯೋಗ ತೋರಿಸಿಕೊಟ್ಟವು. ಅಯಸ್ಕಾಂತದ ಕಂಪನಿ ಗೆಲ್ಲಬೇಕಾಗಿದ್ದದ್ದು ಇಂಥ ಎದುರಾಳಿಯನ್ನು.

ಟೇಸ್ ಎಲ್ಲರಿಗೂ ಆಗುವುದಿಲ್ಲ. ಪೋರ್ಟಲ್ ರಕ್ತನಾಳವೇ ಕಟ್ಟಿಕೊಂಡಿದ್ದರೆ, ಕಾಮಾಲೆ ಜೋರಾಗಿದ್ದರೆ, ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಡಾಕ್ಟರು ಹಿಂದೆ ಸರಿಯಬಹುದು. ನಿಮ್ಮ ಅಣ್ಣನಿಗೆ ಮಾಡೋಣ ಅಂದಿದ್ದಾರೆ ಅಂದರೆ ಲಿವರಿನಲ್ಲಿ ಇನ್ನೂ ಶಕ್ತಿ ಇದೆ ಅಂತಲೇ ಅರ್ಥ. ಆ ಅವಕಾಶ ತೆರೆದೇ ಇರುವುದಿಲ್ಲ. ಅದಕ್ಕೇ ಶುರುವಿನಲ್ಲೇ ಅಷ್ಟು ಬಿರುಸಾಗಿ ಹೇಳಿದೆ.

ಬಿರುಸಿಗೆ ಇನ್ನೊಂದು ಕಾರಣ ಇದೆ. ನನ್ನ ಅಕ್ಕನ ಗಂಡನಿಗೂ ಇದೇ ಕಾಯಿಲೆ ಇತ್ತು. ಡಾಕ್ಟರು ಟೇಸ್ ಅಂದ ಮೇಲೆ ಮನೆಯವರು ಯಾರದೋ ಮಾತು ಕೇಳಿ ‘ಮ್ಯಾಗ್ನೆಟ್ ಚಿಕಿತ್ಸೆ’ ಕೊಡುವ ಒಂದು ಕಡೆ ಕರೆದುಕೊಂಡು ಹೋದರು. ಹೆಸರು ಬೇಡ. ಅಲ್ಲಿ ಔಷಧಿಯೂ ಇರಲಿಲ್ಲ, ಕಣವೂ ಇರಲಿಲ್ಲ. ಹೊಟ್ಟೆಗೆ ಒಂದು ಬೆಲ್ಟು, ದಿನಕ್ಕೆ ನಲವತ್ತು ನಿಮಿಷ. ಏಳು ವಾರ ಹೋಯಿತು. ನಾನು ಫಾರ್ಮಕಾಲಜಿ ಮೇಡಂ, ನನಗೇ ಹೇಳಿರಲಿಲ್ಲ, ಬೈಯುತ್ತೇನೆ ಅಂತ. ಆಮೇಲೆ ಬೆಂಗಳೂರಿನಲ್ಲಿ ಎರಡು ಸಲ ಟೇಸ್ ಆಯಿತು. ನಾಲ್ಕು ದಿನ ಜ್ವರ, ಬಲಗಡೆ ನೋವು, ವಾಕರಿಕೆ. ಇದು ಸಾಮಾನ್ಯವಾಗಿ ಆಗುವುದೇ, ಹೆದರಬೇಡಿ. ಜ್ವರ ಇಳಿಯದೆ ಚಳಿ ನಡುಕ ಬಂದರೆ ಮಾತ್ರ ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ. ನನ್ನ ಭಾವನ ದೊಡ್ಡ ದೂರು ಔಷಧಿಯ ಮೇಲೆ ಇರಲಿಲ್ಲ. ನಳಿಕೆ ತೆಗೆದ ಮೇಲೆ ಕಾಲು ಮಡಿಚದೆ ಗಂಟೆಗಟ್ಟಲೆ ಮಲಗಿಸಿದರಲ್ಲ, ಅದರ ಮೇಲೆ. ಎರಡೂವರೆ ವರ್ಷ ಇದ್ದರು. ಮೊಮ್ಮಗಳ ನಾಮಕರಣಕ್ಕೆ ಅವರೇ ಮುಂದೆ ನಿಂತು ಬಡಿಸಿದರು. ಆ ಏಳು ವಾರ ಹಾಳಾಗದೆ ಇದ್ದಿದ್ದರೆ ಏನಾಗುತ್ತಿತ್ತು ಅಂತ ಅಕ್ಕ ಈಗಲೂ ಕೇಳುತ್ತಾಳೆ. ನನ್ನ ಹತ್ತಿರ ಉತ್ತರ ಇಲ್ಲ.

ಪರೀಕ್ಷೆಯ ವಿಷಯ: ಹೌದು, ಎಲ್ಲರೂ ಮಾಡಿಸಿ. ಅತ್ತಿಗೆ, ಮಕ್ಕಳು, ಅಣ್ಣತಮ್ಮಂದಿರು, ನಿಮ್ಮ ತಾಯಿ ಇದ್ದರೆ ಅವರೂ. ಎಚ್‌ಬಿಎಸ್‌ಎಜಿ ಎಂಬ ಸಣ್ಣ ರಕ್ತಪರೀಕ್ಷೆ. ವೈರಸ್ ಇಲ್ಲ, ಮೊದಲು ಲಸಿಕೆಯೂ ಆಗಿಲ್ಲ ಅಂದರೆ ಮೂರು ಡೋಸ್: ಇವತ್ತು, ತಿಂಗಳಿಗೆ, ಆರು ತಿಂಗಳಿಗೆ. ವೈರಸ್ ಇದ್ದರೂ ಗಾಬರಿ ಬೇಡ, ಅದನ್ನು ಹತೋಟಿಯಲ್ಲಿಡುವ ಮಾತ್ರೆಗಳಿವೆ. ದಯವಿಟ್ಟು ಅಣ್ಣನ ತಟ್ಟೆ ಲೋಟ ಬೇರೆ ಇಡಬೇಡಿ. ಇದು ಊಟದಿಂದ ಹರಡುವುದಿಲ್ಲ. ರೇಜರ್, ಟೂತ್‌ಬ್ರಷ್ ಬೇರೆ ಇದ್ದರೆ ಸಾಕು. ಅತ್ತಿಗೆಗೆ ಲಸಿಕೆ ಆಗುವ ತನಕ ಗಂಡ ಹೆಂಡತಿಗೆ ಕಾಂಡೋಮ್ ಬೇಕು.

ಪ್ರಶ್ನೆ: ನಾನು ಸೆಕೆಂಡ್ ಪಿಯು ಓದುತ್ತಿದ್ದೇನೆ. ರಕ್ತದಲ್ಲೇ ಕಬ್ಬಿಣ ಇದೆಯಲ್ಲ ಮೇಡಂ, ಅದು ಯಾಕೆ ಅಯಸ್ಕಾಂತಕ್ಕೆ ಅಂಟುವುದಿಲ್ಲ? ಮತ್ತೆ, ಹೊರಗಿನ ಅಯಸ್ಕಾಂತ ಸಾಲದಿದ್ದರೆ ಗಡ್ಡೆಯ ಒಳಗೇ ಒಂದು ಸಣ್ಣ ಅಯಸ್ಕಾಂತ ಇಡಬಹುದಲ್ವಾ?
– ವಿದ್ಯಾರ್ಥಿನಿ, ಶಿರಸಿ

ಉತ್ತರ: ಜಾಣೆ. ಮೈಯಲ್ಲಿ ಒಟ್ಟು ಸುಮಾರು 4 ಗ್ರಾಂ ಕಬ್ಬಿಣ ಇದೆ, ಒಂದು ಮೊಳೆಯಷ್ಟು. ಮೊಳೆಯಲ್ಲಿ ಕಬ್ಬಿಣದ ಪರಮಾಣುಗಳು ಒತ್ತೊತ್ತಾಗಿ ಇರುತ್ತವೆ. ಅಯಸ್ಕಾಂತ ಬಂದರೆ ಪೆರೇಡಿನ ಪೊಲೀಸರ ಹಾಗೆ ಎಲ್ಲ ಒಂದೇ ಕಡೆ ಮುಖ ಮಾಡುತ್ತವೆ. ಹಿಮೊಗ್ಲೋಬಿನ್ನಿನಲ್ಲಿ ಹಾಗಲ್ಲ. ಒಂದು ಅಣುವಿನಲ್ಲಿ ಇರುವುದು ನಾಲ್ಕೇ ಕಬ್ಬಿಣದ ಪರಮಾಣು, ಒಂದೊಂದೂ ಬೇರೆ ಬೇರೆ ಉಂಗುರದೊಳಗೆ ದೂರ ದೂರ ಕೂತಿದೆ. ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ. ಇನ್ನೂ ಸೊಗಸಾದ ಸಂಗತಿ ಇದೆ. ಆಮ್ಲಜನಕ ಹೊತ್ತ ರಕ್ತವನ್ನು ಅಯಸ್ಕಾಂತ ಚೂರು ದೂರ ತಳ್ಳುತ್ತದೆ, ಆಮ್ಲಜನಕ ಇಳಿಸಿದ ರಕ್ತವನ್ನು ಚೂರು ಎಳೆಯುತ್ತದೆ! ಇದನ್ನು 1936ರಲ್ಲಿ ಕಂಡುಹಿಡಿದವರು ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್. ಎರಡೂ ಎಷ್ಟು ಕಡಿಮೆ ಅಂದರೆ ಎಂಆರ್‌ಐ ಒಳಗೆ ಮಲಗಿದರೂ ನಿನಗೆ ಏನೂ ಗೊತ್ತಾಗುವುದಿಲ್ಲ.

ಎರಡನೇ ಪ್ರಶ್ನೆಗೆ ಉತ್ತರವನ್ನು ನೀನೇ ಯೋಚಿಸಬಹುದಿತ್ತು. ಗಡ್ಡೆಯ ಒಳಗೆ ಅಯಸ್ಕಾಂತ ಇಡಬೇಕಾದರೆ ಸೂಜಿ ಅಲ್ಲಿಗೆ ಹೋಗಬೇಕು. ಸೂಜಿ ಹೋಗುತ್ತದೆ ಅಂದ ಮೇಲೆ ಅದೇ ಸೂಜಿಯ ತುದಿ ಕಾಯಿಸಿ ಗಡ್ಡೆಯನ್ನು ಸುಟ್ಟುಬಿಡಬಹುದಲ್ಲ! ಹಾಗೇ ಮಾಡುತ್ತಾರೆ ಕೂಡ. ಗಡ್ಡೆ 3 ಸೆಂಟಿಮೀಟರ್ ಒಳಗಿದ್ದರೆ ಇದು ಚೆನ್ನಾಗಿ ಫಲ ಕೊಡುತ್ತದೆ.

ಪ್ರಶ್ನೆ: ನಮ್ಮ ಅತ್ತೆ ಕೈಗೆ ಮ್ಯಾಗ್ನೆಟ್ ಬಳೆ ಹಾಕಿಕೊಂಡಿದ್ದಾರೆ. ಲಿವರ್ ಶುದ್ಧಿ ಆಗುತ್ತದೆ ಅಂತಾರೆ. ನಿಜವಾ?
– ಗೃಹಿಣಿ, ರಾಣೆಬೆನ್ನೂರು

ಉತ್ತರ: ಇಲ್ಲ. ಬಳೆ ಚೆನ್ನಾಗಿದ್ದರೆ ಹಾಕಿಕೊಳ್ಳಲಿ, ಸುಮ್ನೆ ಜಗಳ ಬೇಡ. ಅತ್ತೆಗೆ ಪೇಸ್‌ಮೇಕರ್ ಇದ್ದರೆ ಮಾತ್ರ ತೆಗೆಸಿ.

ಪ್ರಶ್ನೆ: ನಾನು ಇನ್‌ಸ್ಟ್ರುಮೆಂಟೇಶನ್ ಎಂಜಿನಿಯರ್. ಎಂಆರ್‌ಐ ಯಂತ್ರದಿಂದಲೇ ಔಷಧಿಯ ಕಣಗಳನ್ನು ಸ್ಟೀರಿಂಗ್ ತಿರುಗಿಸಿದ ಹಾಗೆ ತಿರುಗಿಸುತ್ತಾರೆ ಅಂತ ಓದಿದೆ. ನೀವು ಹೇಳುವ ದೂರದ ಸಮಸ್ಯೆ ಅಲ್ಲಿ ಇರುವುದಿಲ್ಲ ಅಲ್ವಾ?
– ಓದುಗರು, ಹುಬ್ಬಳ್ಳಿ

ಉತ್ತರ: ನೀವು ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ಈ ವಿಷಯದಲ್ಲಿ ನನಗೆ ಇನ್ನೂ ಆಸೆ ಉಳಿದಿದ್ದರೆ ಅದು ಈ ದಾರಿಯ ಮೇಲೆ.

ಎಂಆರ್‌ಐನ ದೊಡ್ಡ ಕ್ಷೇತ್ರ ಎಲ್ಲ ಕಡೆ ಸಮ. ಸಮನಾದ ಕ್ಷೇತ್ರ ಕಣವನ್ನು ಅಯಸ್ಕಾಂತ ಮಾಡುತ್ತದೆ, ಆದರೆ ಎಳೆಯುವುದಿಲ್ಲ. ಎಳೆಯಲು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಇರಬೇಕು. ಚಿತ್ರ ತೆಗೆಯಲಿಕ್ಕೆ ಅಂತ ಇಂಥ ಏರಿಳಿತ ಕೊಡುವ ಸುರುಳಿಗಳು ಯಂತ್ರದಲ್ಲೇ ಇವೆ. ಅವನ್ನು ಬೇಕಾದ ದಿಕ್ಕಿಗೆ ಬಳಸಿದರೆ ಕಣವನ್ನು ಎಡಕ್ಕೋ ಬಲಕ್ಕೋ ತಳ್ಳಬಹುದು. ಕೆನಡಾದ ಮಾಂಟ್ರಿಯಲ್‌ನಲ್ಲಿ ಸಿಲ್ವೇನ್ ಮಾರ್ಟೆಲ್ ತಂಡ 2007ರಲ್ಲಿ ಒಂದೂವರೆ ಮಿಲಿಮೀಟರಿನ ಗುಂಡನ್ನು ಜೀವಂತ ಹಂದಿಯ ಕತ್ತಿನ ಧಮನಿಯಲ್ಲಿ ಹೀಗೆ ಓಡಿಸಿತು. 2011ರಲ್ಲಿ ಮೊಲದ ಲಿವರಿಗೆ ಬಂದರು. ಕಬ್ಬಿಣ ಕೋಬಾಲ್ಟ್ ಕಣ ಮತ್ತು ಡಾಕ್ಸೊರುಬಿಸಿನ್ ತುಂಬಿದ, ಸುಮಾರು 50 ಮೈಕ್ರಾನಿನ, ಮೈಯಲ್ಲೇ ಕರಗುವ ಪಾಲಿಮರ್ ಗೋಲಿಗಳು. ಧಮನಿ ಕವಲೊಡೆಯುವ ಕಡೆ ಎಡಕ್ಕೆ ಹೋಗಬೇಕಾ ಬಲಕ್ಕಾ, ಅಷ್ಟನ್ನು ಯಂತ್ರ ತೀರ್ಮಾನಿಸಿತು. ನೋಡಿ, ಇಲ್ಲಿ ಯೋಚನೆಯೇ ಬದಲಾಗಿದೆ. ಹಿಡಿದು ನಿಲ್ಲಿಸುವುದಲ್ಲ, ಕವಲಿನಲ್ಲಿ ಮೆಲ್ಲಗೆ ಭುಜ ತಟ್ಟಿ ದಾರಿ ತೋರಿಸುವುದು. ಆಮೇಲೆ ರಕ್ತವೇ ಹೊತ್ತುಕೊಂಡು ಹೋಗುತ್ತದೆ.

ಮೊಲಕ್ಕೆ ಸಾಕಾದ ಸುರುಳಿ ಮನುಷ್ಯನ ಗಾತ್ರದ ಯಂತ್ರದಲ್ಲಿ ಅಷ್ಟು ಜೋರಾಗಿ ಎಳೆಯುವುದಿಲ್ಲ. ಕಬ್ಬಿಣದ ಗೋಲಿ ಭಾರ ಬೇರೆ, ತಾನಾಗಿ ಕೆಳಗಿನ ಕವಲಿಗೆ ಇಳಿಯುತ್ತದೆ. 2024ರಲ್ಲಿ ಅದೇ ಮಾಂಟ್ರಿಯಲ್‌ನ ತಂಡವೊಂದು ಹಂದಿಗಳ ಲಿವರಿನಲ್ಲಿ ಪ್ರಯೋಗ ಮಾಡುವಾಗ ಈ ಭಾರವನ್ನೇ ಲೆಕ್ಕಕ್ಕೆ ತೆಗೆದುಕೊಂಡಿತು. ಮಲಗಿಸುವ ಭಂಗಿಯನ್ನೇ ಬದಲಿಸಿ, ಅಯಸ್ಕಾಂತ ಮತ್ತು ಭೂಮಿಯ ಎಳೆತ ಎರಡನ್ನೂ ಜೊತೆಗೆ ದುಡಿಸಿದರು. ಕೋಟಿಗಟ್ಟಲೆ ಬೆಲೆಯ ಯಂತ್ರಕ್ಕೆ ಕೊನೆಗೆ ಮಗ್ಗುಲು ಬದಲಿಸುವುದು ನೆರವಾಯಿತು ಅಂತ ಓದಿ ನಾನು ನಕ್ಕುಬಿಟ್ಟೆ. ಮನುಷ್ಯರ ಚಿಕಿತ್ಸೆಗೆ ಇನ್ನೂ ಬಂದಿಲ್ಲ.

ನಿಮ್ಮಂಥವರಿಗೆ ಇನ್ನೊಂದು ಸಂಗತಿ ಹೇಳಲೇಬೇಕು. ಕಬ್ಬಿಣದ ಕಣಗಳನ್ನು ಸುಮ್ನೆ ಕೈ ನರಕ್ಕೆ ಕೊಟ್ಟರೂ ಅಯಸ್ಕಾಂತವೇ ಇಲ್ಲದೆ ಹೆಚ್ಚಿನವು ಲಿವರಿಗೇ ಹೋಗುತ್ತವೆ! ಅಲ್ಲಿನ ಕುಪ್ಫರ್ ಕೋಶಗಳು ರಕ್ತದಲ್ಲಿ ಬಂದ ಕಸವನ್ನೆಲ್ಲ ನುಂಗುವ ಕಾವಲುಗಾರರು. ದುರದೃಷ್ಟಕ್ಕೆ ಗಡ್ಡೆಯಲ್ಲಿ ಆ ಕೋಶಗಳು ತೀರಾ ಕಡಿಮೆ. ಅಂದರೆ ಔಷಧಿ ಹೊತ್ತ ಕಣ ಒಳ್ಳೆ ಲಿವರಿನಲ್ಲೇ ಕೂತುಬಿಡುತ್ತದೆ. ಇದೇ ದೋಷವನ್ನು ಎಂಆರ್‌ಐನವರು ಗುಣ ಮಾಡಿಕೊಂಡರು. ಕಣ ನುಂಗಿದ ಒಳ್ಳೆ ಲಿವರ್ ಕಪ್ಪಾಗುತ್ತದೆ, ಗಡ್ಡೆ ಬೆಳ್ಳಗೆ ಎದ್ದು ಕಾಣುತ್ತದೆ. ಇಂಥ ಒಂದು ದ್ರಾವಣಕ್ಕೆ ಅಮೆರಿಕದಲ್ಲಿ 1996ರಲ್ಲೇ ಒಪ್ಪಿಗೆ ಸಿಕ್ಕಿತ್ತು.

ಪ್ರಶ್ನೆ: ಬೂಷ್ಟು ಹಿಡಿದ ಶೇಂಗಾದಿಂದ ಲಿವರ್ ಕ್ಯಾನ್ಸರ್ ಬರುತ್ತದಂತೆ. ಬಿಸಿಲಿಗೆ ಹಾಕಿ ಹುರಿದರೆ ಸರಿ ಹೋಗುತ್ತದಾ? ಇಲ್ಲ ಅಂದರೆ ದನಕ್ಕೆ ಹಾಕಬಹುದಾ?
– ರೈತರು, ಚಳ್ಳಕೆರೆ

ಉತ್ತರ: ಶೇಂಗಾ ಸೀಮೆಯಿಂದಲೇ ಈ ಪ್ರಶ್ನೆ ಬಂದದ್ದು ಒಳ್ಳೆಯದಾಯಿತು. ಬೂಷ್ಟಿನ ವಿಷದ ಹೆಸರು ಅಫ್ಲಾಟಾಕ್ಸಿನ್. ಇದು ಬೆಳಕಿಗೆ ಬಂದದ್ದು 1960ರಲ್ಲಿ. ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಹುಡುಕಿದರೆ ಬ್ರೆಜಿಲಿನಿಂದ ತರಿಸಿದ ಶೇಂಗಾ ಹಿಂಡಿ ಕಾರಣ. ಮನೆಯಲ್ಲಿ ಹುರಿದರೆ ವಿಷ ಸ್ವಲ್ಪ ಕಡಿಮೆ ಆಗುತ್ತದೆ, ಹೋಗುವುದಿಲ್ಲ. ಹೆಪಟೈಟಿಸ್ ಬಿ ಇದ್ದವರಿಗಂತೂ ಎರಡೂ ಸೇರಿ ಅಪಾಯ ಬಹಳ ಜಾಸ್ತಿ. ಕಾಯಿ ಕಿತ್ತ ಮೇಲೆ ಚೆನ್ನಾಗಿ ಒಣಗಿಸಿ, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಸುಕ್ಕಾದದ್ದು, ಬಣ್ಣ ಕೆಟ್ಟದ್ದು, ಕಹಿ ಅನಿಸಿದ್ದು ಆರಿಸಿ ಬಿಸಾಡಿ. ದನಕ್ಕೆ ಹಾಕಬೇಡಿ. ಎಮ್ಮೆಗೆ ಹಾಕಿದರೆ ಅದೇ ವಿಷ ರೂಪ ಬದಲಿಸಿಕೊಂಡು ಹಾಲಿನಲ್ಲಿ ಬರುತ್ತದೆ, ಕಾಯಿಸಿದರೂ ಹೋಗುವುದಿಲ್ಲ.